ತುಕ್ಕಿನ ಕೆಳಗಿನ ಬಣ್ಣ

ಅಮೆರಿಕದ ಹಳೆಯ ಕ್ರೂಸರ್ ಸೈಕಲ್ಲುಗಳಲ್ಲಿ ಆಸಕ್ತಿಯುಳ್ಳವರ ನಡುವೆ ಬಹುಕಾಲದಿಂದ ನಡೆದುಬಂದಿರುವ ವಾದವೊಂದುಂಟು: ದಶಕಗಳ ಕಾಲ ಯಾವುದೋ ಗ್ಯಾರೇಜಿನ ಮೂಲೆಯಲ್ಲಿ ಧೂಳು ಹಿಡಿದು ನಿಂತಿದ್ದ ಗಾಡಿಯು ಕೈಗೆ ಬಂದಾಗ, ಅದರ ಬಣ್ಣವನ್ನು ಬುಡಮಟ್ಟ ಕೆರೆದು ಹೊಸದಾಗಿ ಬಳಿಸತಕ್ಕದ್ದೋ, ಅಥವಾ ಕಾಲವು ಉಳಿಸಿಕೊಟ್ಟಷ್ಟನ್ನೇ ತೊಳೆದು ಬೆಳಗಿ ಇಟ್ಟುಕೊಳ್ಳತಕ್ಕದ್ದೋ ಎಂಬುದು. ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಖಾನೆಯಲ್ಲಿ ಬಳಿದ ಬಣ್ಣವು ಒಂದು ಸೈಕಲ್ಲಿಗೆ ಒಮ್ಮೆ ಮಾತ್ರ ಲಭಿಸುವಂಥದು. ಅದರಲ್ಲಿ ಅರ್ಧಾಂಶವೇ ಉಳಿದಿದ್ದರೂ ಅದನ್ನು ಕೆರೆಯಲು ಕೈಯೆತ್ತಬಾರದು. ಹಾಗೆಂದು ಗಾಡಿಯನ್ನು ತನ್ನ ಅಭಿರುಚಿಗೆ ಒಗ್ಗಿಸಿಕೊಳ್ಳುವುದೇ ತಪ್ಪೆಂದು ನಾನು ಹೇಳುವವನಲ್ಲ. ನಾಳೆ ಬಿಚ್ಚಿ ಮೊದಲಿನಂತೆ ಮಾಡಬಹುದಾದ ಮಾರ್ಪಾಡುಗಳೆಲ್ಲಕ್ಕೂ ನನ್ನ ಸಮ್ಮತಿಯುಂಟು.

ಜರ್ಮನಿಯಿಂದ ವಲಸೆ ಬಂದ ಇಗ್ನಾಜ್ ಶ್ವಿನ್ ಎಂಬಾತನು ಅಡಾಲ್ಫ್ ಆರ್ನಾಲ್ಡನೊಡಗೂಡಿ 1895ರಲ್ಲಿ ಚಿಕಾಗೊ ನಗರದಲ್ಲಿ ಸ್ಥಾಪಿಸಿದ ಕಾರ್ಖಾನೆಯು, ದೇಶವೆಲ್ಲ ಆರ್ಥಿಕ ಕುಸಿತದಿಂದ ತತ್ತರಿಸುತ್ತಿದ್ದ 1933ರಲ್ಲಿ, 2.125 ಅಂಗುಲ ಅಗಲದ ಬೆಲೂನ್ ಟಯರಿನ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ನಾವಿಂದು ಕ್ರೂಸರ್ ಎಂದು ಕರೆಯುವ ಕುಲಕ್ಕೆ ಮೂಲ ಅದೇ. 28 ಅಂಗುಲದ ಚಕ್ರ, ಒಂದೂವರೆ ಅಂಗುಲದ ಟಯರು, ಸಲಾಕೆ ಬ್ರೇಕು, ನೆಟ್ಟನೆಯ ಬಾರು ಇವುಗಳ ಕರಿಯ ಸೈಕಲ್ಲನ್ನು ನೋಡಿ ಬೆಳೆದ ನಮ್ಮ ಕಡೆಯವರಿಗೆ, 26 ಅಂಗುಲದ ದಪ್ಪ ಚಕ್ರಗಳ ಮೇಲೆ ಬಾಗಿ ಹರಿಯುವ ಕೊಳವೆಗಳೂ, ಅವುಗಳ ನಡುವೆ ಪೆಟ್ರೋಲಿನ ಹನಿಯನ್ನೂ ಕಾಣದ, ಬ್ಯಾಟರಿಯ ಹಾರ್ನನ್ನು ಮಾತ್ರ ಒಳಗಿಟ್ಟುಕೊಂಡ ತಗಡಿನ ಟ್ಯಾಂಕೂ ಮೊದಲ ನೋಟಕ್ಕೆ ವಿಚಿತ್ರವೆನಿಸಿಯಾವು. ಆದರೆ ಮೋಟಾರ್ ಸೈಕಲ್ಲಿನ ಕನಸು ಕಾಣುತ್ತಿದ್ದ ಹುಡುಗನಿಗೆ ಆ ಕನಸನ್ನು ತುಳಿದು ಓಡಿಸುವ ರೂಪದಲ್ಲಿ ಕೊಟ್ಟ ಕಲ್ಪಕತೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. 1949ರಿಂದ 1959ರವರೆಗೆ ತಯಾರಾದ ಬ್ಲ್ಯಾಕ್ ಫ್ಯಾಂಟಮ್ ಈ ಪರಂಪರೆಯ ಶಿಖರ: ಸ್ಪ್ರಿಂಗಿನ ಮುಂಫೋರ್ಕು, ಚರ್ಮದ ಸೀಟು, ಬಿಳಿಯಂಚಿನ ಟಯರು, ಎಲ್ಲೆಡೆಯೂ ಕ್ರೋಮು.

ಇಂಥ ಗಾಡಿಯನ್ನು ಶುಚಿಗೊಳಿಸುವಾಗ ಮೊದಲು ಬೇಕಾದದ್ದು ಸೌಮ್ಯವಾದ ಸೋಪಿನ ನೀರು ಮತ್ತು ಮೆತ್ತನೆಯ ಬಟ್ಟೆ. ಥಿನ್ನರು, ಸ್ಪಿರಿಟ್ಟುಗಳನ್ನು ಕಾರ್ಖಾನೆಯ ಹೆಸರು ಹೊತ್ತ ಅಚ್ಚುಚೀಟಿಗಳ ಹತ್ತಿರಕ್ಕೂ ತರಬಾರದು. ನೂರು ಮಳೆಗಳಿಗೆ ಜಗ್ಗದ ಅಕ್ಷರಗಳು ಅವುಗಳ ಒಂದೇ ಒರೆಸಿಗೆ ಅಳಿದುಹೋಗುತ್ತವೆ. ತುಕ್ಕಿಗೆ ಉಪ್ಪುಕಾಗದವನ್ನು ಹಿಡಿಯುವುದೂ ಅವಿವೇಕವೇ. ಮಡ್‌ಗಾರ್ಡನ್ನು ಬಿಚ್ಚಿ, ಆಕ್ಸಾಲಿಕ್ ಆಮ್ಲವನ್ನು ತೆಳುವಾಗಿ ಕರಗಿಸಿದ ನೀರಿನಲ್ಲಿ ನೆನೆಯಿಟ್ಟರೆ, ಅದು ಕಬ್ಬಿಣದ ತುಕ್ಕನ್ನು ಕರಗುವ ರೂಪಕ್ಕೆ ತಿರುಗಿಸಿ ನೀರಿಗೆ ಇಳಿಸುತ್ತದೆ. ಕೆಲವು ಗಂಟೆಗಳಲ್ಲಿ ನೀರು ಹಳದಿ ಹಸಿರಿಗೆ ತಿರುಗುತ್ತದೆ. ಆಗ ಮೇಲೆತ್ತಿ ಬಟ್ಟೆಯಿಂದ ಒರೆಸಿದರೆ, ಕಂದು ಹೊದಿಕೆಯೆಲ್ಲ ಕೆಸರಿನಂತೆ ಜಾರಿ, ಇನ್ನಿಲ್ಲವಾಯಿತೆಂದುಕೊಂಡಿದ್ದ ಕೆಂಗಂದು ಬಣ್ಣವೂ, ಅದರ ಅಂಚಿನ ದಂತವರ್ಣದ ಎಳೆಗೆರೆಯೂ ಕಣ್ಣೆದುರಿಗೆ ಪ್ರಕಟವಾಗುತ್ತವೆ. ಈ ಹವ್ಯಾಸದಲ್ಲಿ ಇದಕ್ಕಿಂತ ಹೆಚ್ಚಿನ ಸಂತೋಷದ ಕ್ಷಣವನ್ನು ನಾನರಿಯೆ. ಆಮ್ಲವು ವಿಷ, ಆದುದರಿಂದ ಕೈಗವಸೂ ಕನ್ನಡಕವೂ ಕಡ್ಡಾಯ. ಹೆಚ್ಚು ಹೊತ್ತು ಬಿಟ್ಟರೆ ಕೆಲವು ಬಣ್ಣಗಳು ಮಸುಕಾಗುವುದರಿಂದ ಆಗಾಗ ಎತ್ತಿ ನೋಡುತ್ತಿರಬೇಕು. ಹೊರತೆಗೆದ ಮೇಲೆ ಅಡಿಗೆ ಸೋಡದ ನೀರಿನಲ್ಲಿ ಜಾಲಿಸಿ, ಒಡನೆಯೇ ತೇವವಾರಿಸಿ, ಮೇಣ ಹಚ್ಚಬೇಕು. ಕ್ರೋಮಿನ ಭಾಗಗಳಿಗೆ ಇಷ್ಟು ಸಂಭ್ರಮವೂ ಬೇಡ: ಅಲ್ಯುಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು, ಆ ಲೋಹವು ಕ್ರೋಮಿಗಿಂತ ಬಹಳ ಮೃದುವಾದ್ದರಿಂದ ಹೊಳಪಿಗೆ ಗೀರು ಬೀಳದೆ ತುಕ್ಕು ಮಾತ್ರ ಏಳುತ್ತದೆ.

ಬಿಚ್ಚುವ ಕಾರ್ಯದಲ್ಲಿ ಬಲಕ್ಕಿಂತ ತಾಳ್ಮೆ ಹೆಚ್ಚು ಫಲಕಾರಿ. ಹ್ಯಾಂಡಲು ಅಲ್ಲಾಡದಿದ್ದರೆ ಎಣ್ಣೆ ಬಿಟ್ಟು ಒಂದೆರಡು ದಿನ ಕಾದು, ಮೇಲಿನ ಬೋಲ್ಟನ್ನು ಕೆಲವು ಸುತ್ತು ಮಾತ್ರ ಸಡಿಲಿಸಿ, ಅದರ ಮೇಲೆ ಮರದ ತುಂಡನ್ನಿಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿದರೆ ಒಳಗಿನ ಬೆಣೆ ಕಳಚಿಕೊಳ್ಳುತ್ತದೆ. ಈ ಗಾಡಿಗಳ ಕ್ರ್ಯಾಂಕು ಒಂದೇ ಉಕ್ಕಿನ ಸಲಾಕೆಯನ್ನು ಬಾಗಿಸಿ ಮಾಡಿದ್ದು. ಅದರ ಎಡಬದಿಯ ನಟ್ಟಿಗೂ, ಎಡ ಪೆಡಲಿಗೂ ಮರೆ ವಿರುದ್ಧ ದಿಕ್ಕಿನದು. ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಿದರೆ ಅವು ಸಡಿಲವಾಗುತ್ತವೆ. ಇದನ್ನರಿಯದ ಸ್ಪ್ಯಾನರಿನಿಂದ ಎಷ್ಟು ನಟ್ಟುಗಳು ಮೂಲೆ ಸವೆದು ಉರುಟಾಗಿವೆಯೋ!

ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಪೂರ್ತಿಯಾಗಿ ಹಿಂಚಕ್ರದ ಹಬ್ಬಿನೊಳಗೇ ಅಡಗಿರುತ್ತದೆ. ಬೆಂಡಿಕ್ಸ್ ಕಂಪನಿಯ ಹಬ್ಬಿನಲ್ಲಿ ಶೂಗಳು ಹೊರಕ್ಕೆ ಹಿಗ್ಗಿ ಒಳಗೋಡೆಯನ್ನು ಅಮರಿಕೊಂಡರೆ, ನ್ಯೂ ಡಿಪಾರ್ಚರಿನ ಹಳೆಯ ಹಬ್ಬಿನಲ್ಲಿ ಕಂಚಿನ ಮತ್ತು ಉಕ್ಕಿನ ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಹಳೆಯ ಗ್ರೀಸು ಅಲ್ಲಿ ಅಂಟಾಗಿ ಗಟ್ಟಿಯಾಗಿರುತ್ತದೆ. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಾಲುಗಳನ್ನು ಹೊಸದಾಗಿ ಹಾಕಿ, ಬ್ರೇಕಿನ ತೋಳನ್ನು ಫ್ರೇಮಿಗೆ ಪಟ್ಟಿಯಿಂದ ಭದ್ರವಾಗಿ ಬಿಗಿಯುವ ತನಕ ರಸ್ತೆಗಿಳಿಯಕೂಡದು.

ಟಯರು ಕೊಳ್ಳುವಾಗ ಒಂದು ಸೂಕ್ಷ್ಮವನ್ನು ಮರೆಯಬಾರದು. ಬೆಲೂನ್ ಟಯರಿನ 26 × 2.125 ಅಳತೆಯ ರಿಮ್ಮಿಗೆ ಇಂದಿನ ಸಾಮಾನ್ಯ ಮೌಂಟನ್ ಬೈಕಿನ 26 ಅಂಗುಲದ ಟಯರೂ ಹೊಂದುತ್ತದೆ. ಆದರೆ ಶ್ವಿನ್ ಕಂಪನಿಯ ಮಧ್ಯಮ ತೂಕದ ಗಾಡಿಗಳ ಟಯರಿನ ಮೇಲೆ 26 × 1¾ ಎಂದು ಭಿನ್ನರಾಶಿಯಲ್ಲಿ ಬರೆದಿರುತ್ತದೆ. ಅಂಗಡಿಯಲ್ಲಿ ದೊರೆಯುವ 26 × 1.75 ಗಣಿತದಲ್ಲಿ ಅದಕ್ಕೆ ಸಮವಾದರೂ ರಿಮ್ಮಿನ ಮೇಲೆ ಸಮವಲ್ಲ. ಭಿನ್ನರಾಶಿಯದರ ಕೂರುವ ವ್ಯಾಸ 571 ಮಿಲಿಮೀಟರು, ದಶಮಾಂಶದ್ದರದು 559.

ಇನ್ನು ಅಲಂಕಾರದ ಮಾತು. ಸೀಟು, ಹಿಡಿ, ಪೆಡಲು, ಕೆನೆಬಣ್ಣದ ಟಯರು, ಅಗಲವಾದ ಹ್ಯಾಂಡಲು ಇವೆಲ್ಲ ಮನಸ್ಸಿಗೊಪ್ಪಿದಂತೆ ಬದಲಾಗಲಿ. ಏರುದಾರಿಯ ಊರಿನವರು ಸ್ಟರ್ಮೆ-ಆರ್ಚರಿನ ಮೂರು ಗೇರಿನ, ಹಿಂದಕ್ಕೆ ತುಳಿಯುವ ಬ್ರೇಕಿನ ಹಬ್ಬನ್ನು ಬಳಸಲಿ. ಆದರೆ ಅದಕ್ಕೆ ಬೇರೆಯೇ ರಿಮ್ಮನ್ನು ಹೆಣೆಸಿ, ಮೂಲ ಚಕ್ರವನ್ನು ಹಾಗೆಯೇ ತೂಗುಹಾಕಿಡಲಿ. ಬಿಚ್ಚಿದ ಭಾಗಗಳನ್ನೂ ಎಣ್ಣೆಬಟ್ಟೆಯಲ್ಲಿ ಸುತ್ತಿ, ಫ್ರೇಮಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕಟ್ಟಿಡಲಿ.

ನನ್ನ ವಾದಕ್ಕೆ ಬಲವಾದ ಪ್ರತ್ಯುತ್ತರವೊಂದು ಕ್ಯಾಲಿಫೋರ್ನಿಯದ ಮರಿನ್ ಪ್ರಾಂತದಿಂದ ಬರುತ್ತದೆ. ಅಲ್ಲಿ 1970ರ ದಶಕದಲ್ಲಿ ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲಿ ಮತ್ತು ಅವರ ಸಂಗಾತಿಗಳು ಯುದ್ಧಪೂರ್ವದ ಶ್ವಿನ್ ಎಕ್ಸೆಲ್ಸಿಯರ್ ಫ್ರೇಮುಗಳ ಟ್ಯಾಂಕು, ಮಡ್‌ಗಾರ್ಡುಗಳನ್ನು ಕಿತ್ತೊಗೆದು ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸಿದರು. ಕಡಿದಾದ ಒಂದು ಇಳಿಜಾರಿನಲ್ಲಿ ಹಬ್ಬಿನ ಗ್ರೀಸು ಕಾದು ಹೊಗೆಯಾಗಿ, ಪ್ರತಿ ಇಳಿತದ ನಂತರವೂ ಮತ್ತೆ ತುಂಬಬೇಕಾಗುತ್ತಿದ್ದುದರಿಂದ ಆ ದಾರಿಗೆ ‘ರೀಪ್ಯಾಕ್’ ಎಂಬ ಹೆಸರೇ ಬಂದಿತು. 1976ರಲ್ಲಿ ಅಲ್ಲಿ ಆರಂಭವಾದ ಪಂದ್ಯಗಳಿಂದಲೇ ಇಂದಿನ ಮೌಂಟನ್ ಬೈಕು ರೂಪುಗೊಂಡಿತು. ಆ ಧೈರ್ಯವನ್ನು ನಾನು ಗೌರವಿಸುತ್ತೇನೆ. ಆದರೆ ಅವರ ಕೈಗೆ ಆ ಫ್ರೇಮುಗಳು ಗುಜರಿ ಬೆಲೆಗೆ ಬರುತ್ತಿದ್ದವು. ಇಂದು ಬೆಂಡಾಗದೆ ಉಳಿದವು ವಿರಳ. ಕೊರೆದು, ಕೊಯ್ದು, ಬೆಸೆದು ಮಾಡುವ ಪ್ರಯೋಗಗಳಿಗೆ ಕೈ ತುರಿಸುವವರು 1960ರ ದಶಕದ ಶ್ವಿನ್ ಟೈಫೂನಿನಂಥ, ಅಪಾರವಾಗಿ ತಯಾರಾದ ಗಾಡಿಯೊಂದನ್ನು, ಅದರಲ್ಲೂ ಈಗಾಗಲೇ ಯಾರೋ ಬಣ್ಣ ಬಳಿದು ಕೆಡಿಸಿದ್ದನ್ನು, ಹುಡುಕಿಕೊಳ್ಳಲಿ. ಅದರ ಫ್ರೇಮೂ ಅಷ್ಟೇ ಗಟ್ಟಿ, ಬೆಲೆಯೂ ಕೈಗೆಟುಕುವಂಥದು.