ಹಳೆಯ ಕೆಂಪು ಡೆಕ್: ತಿದ್ದಿದ್ದೆಷ್ಟು, ಕೆಡಿಸಿದ್ದೆಷ್ಟು

1996ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ‘ಮ್ಯಾಜಿಕ್: ದ ಗ್ಯಾದರಿಂಗ್’ ಆಟದ ಅರ್ಹತಾ ಪಂದ್ಯಾವಳಿಯೊಂದು ನಡೆಯಿತು. ಅದಕ್ಕೆ ಪಾಲ್ ಸ್ಲೈ ಎಂಬ ಆಟಗಾರ ಒಯ್ದಿದ್ದ ಡೆಕ್ಕಿನ ಪಟ್ಟಿಯನ್ನು ಈಗ ಓದಿದರೆ ನಗು ಬರುತ್ತದೆ. ಐರನ್‌ಕ್ಲಾ ಆರ್ಕ್ಸ್ ನಾಲ್ಕು: ಬಲ ಎರಡು, ತಾಳಿಕೆ ಎರಡು, ಆದರೆ ಎದುರಿನಿಂದ ಬರುವ ಜೀವಿಯ ಬಲ ಎರಡೋ ಹೆಚ್ಚೋ ಇದ್ದರೆ ಅಡ್ಡ ನಿಲ್ಲುವ ಧೈರ್ಯವಿಲ್ಲ. ಬ್ರಾಸ್ ಮ್ಯಾನ್ ನಾಲ್ಕು: ಒಮ್ಮೆ ದಾಳಿಗೆ ಕಳಿಸಿದರೆ ಮತ್ತೆ ಎಬ್ಬಿಸಿ ನಿಲ್ಲಿಸಲು ಒಂದು ಮಾನಾ ದಂಡ ಕಟ್ಟಬೇಕು. ಗಾಬ್ಲಿನ್ಸ್ ಆಫ್ ದ ಫ್ಲಾರ್ಗ್ ಎರಡು. ಜೊತೆಗೆ ಕುಬ್ಜರಾದ ಡ್ವಾರ್ವೆನ್ ಟ್ರೇಡರ್ ಎರಡು, ಡ್ವಾರ್ವೆನ್ ಲೆಫ್ಟಿನೆಂಟ್ ಎರಡು. ಫ್ಲಾರ್ಗ್ ಕಾರ್ಡಿನ ಮೇಲೇ ಅಚ್ಚಾಗಿರುವ ಷರತ್ತು ಏನೆಂದರೆ, ನಿಮ್ಮ ಕಡೆ ಒಬ್ಬ ಕುಬ್ಜ ಕಾಣಿಸಿಕೊಂಡರೂ ಆ ಗಾಬ್ಲಿನ್‌ಗಳನ್ನು ಬಲಿ ಕೊಡಬೇಕು. ಎಣ್ಣೆ ಸೀಗೆಕಾಯಿ ಸಂಬಂಧದ ಕಾರ್ಡುಗಳನ್ನು ಒಂದೇ ಡೆಕ್ಕಿಗೆ ಸೇರಿಸಿದವರು ಆಟ ಗೊತ್ತಿಲ್ಲದವರಲ್ಲ. ಇದನ್ನು ರೂಪಿಸಿದ ಜೇ ಶ್ನೈಡರ್ ಲೆಕ್ಕ ಹಾಕಿಯೇ ಹೀಗೆ ಮಾಡಿದ್ದರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇಸ್ಪೀಟಿನಲ್ಲಿ 52 ಎಲೆ ಎಲ್ಲರಿಗೂ ಒಂದೇ. ಇಲ್ಲಿ ಪ್ರತಿಯೊಬ್ಬರೂ ತಮ್ಮ ಕಟ್ಟನ್ನು ಮನೆಯಲ್ಲೇ ಕಟ್ಟಿಕೊಂಡು ಬರುತ್ತಾರೆ. ಕನಿಷ್ಠ 60 ಕಾರ್ಡು, ಮೂಲ ಲ್ಯಾಂಡ್‌ಗಳನ್ನು ಬಿಟ್ಟರೆ ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚಿಲ್ಲ. ಸರದಿಗೆ ಒಂದು ಲ್ಯಾಂಡ್ ಇಡಬಹುದು, ಲ್ಯಾಂಡ್ ಮಾನಾ ಕೊಡುತ್ತದೆ, ಮಾನಾ ತೆತ್ತರೆ ಉಳಿದ ಕಾರ್ಡುಗಳು ಮೇಜಿಗೆ ಬರುತ್ತವೆ. ಎದುರಾಳಿಯ 20 ಲೈಫ್ ಸೊನ್ನೆಗಿಳಿಸಿದರೆ ಗೆಲುವು.

ಸ್ಲೈ ಡೆಕ್ಕಿನ ಲೆಕ್ಕ ಇದರಲ್ಲೇ ಇದೆ. ಮೊದಲ ಸರದಿಯಲ್ಲಿ ಒಂದು ಮಾನಾ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು. ಯಾವ ಸರದಿಯಲ್ಲೂ ಮಾನಾ ವ್ಯರ್ಥವಾಗಬಾರದು. ಕಾರ್ಡು ಎಷ್ಟು ಬಲಶಾಲಿ ಎಂಬುದಕ್ಕಿಂತ ಅದು ಎಷ್ಟನೇ ಸರದಿಗೆ ಮೇಜಿಗೆ ಬರುತ್ತದೆ ಎಂಬುದೇ ಅಳತೆ. ಆಟಗಾರರು ‘ಮಾನಾ ಕರ್ವ್’ ಎನ್ನುವುದು ಇದನ್ನೇ. ಸುಂದರ ಕಾರ್ಡುಗಳಿದ್ದ ಎದುರಾಳಿ ನಾಲ್ಕನೇ ಲ್ಯಾಂಡಿಗಾಗಿ ಕಾಯುತ್ತಿರುವಾಗ ಈ ಹೇಡಿ ಆರ್ಕ್‌ಗಳು ಅವನ ಲೈಫನ್ನು ಅರ್ಧಕ್ಕೆ ತಂದಿರುತ್ತಿದ್ದವು. ಗಾಬ್ಲಿನ್ ಮತ್ತು ಕುಬ್ಜರ ಜಗಳವನ್ನೂ ಹೀಗೇ ನೋಡಬೇಕು. ಎರಡೂ ಒಂದೇ ಆಟದಲ್ಲಿ ಕೈಗೆ ಬರುವುದು ಆಗೊಮ್ಮೆ ಈಗೊಮ್ಮೆ. ಮೊದಲ ಸರದಿಗೆ ಆಡಲು ಏನೂ ಇಲ್ಲದೆ ಕೂರುವುದು ಅದಕ್ಕಿಂತ ದುಬಾರಿ.

ಈ ಡೆಕ್ಕಿನ ಸಂತತಿಗೆ ಈಗ ‘ಪ್ರಿಮಾಡರ್ನ್’ ಎಂಬ ಅಂಗಳವಿದೆ. ಸ್ವೀಡನ್ನಿನ ಮಾರ್ಟಿನ್ ಬರ್ಲಿನ್ ರೂಪಿಸಿದ ಈ ಪ್ರಕಾರದಲ್ಲಿ 1995ರ ಫೋರ್ತ್ ಎಡಿಷನ್‌ನಿಂದ 2003ರ ಸ್ಕರ್ಜ್‌ವರೆಗಿನ ಕಾರ್ಡುಗಳಿಗೆ ಮಾತ್ರ ಪ್ರವೇಶ. ಹೊಸ ಕಾರ್ಡು ಬರುವುದೇ ಇಲ್ಲ. ಹಾಗಾಗಿ ಇಲ್ಲಿ ಡೆಕ್ ತಿದ್ದುವುದು ಎಂದರೆ ಹೊಸ ಪೆಟ್ಟಿಗೆ ಒಡೆಯುವ ಸಂಭ್ರಮವಲ್ಲ, ಇದ್ದುದರಲ್ಲೇ ಕೂಡಿಸಿ ಕಳೆಯುವ ಕೆಲಸ. ಈ ಕೆಲಸವನ್ನು ಹೆಚ್ಚಿನವರು ಮಾಡುವ ರೀತಿಯ ಬಗ್ಗೆ ನನಗೆ ತಕರಾರಿದೆ. ಅವರು ಕಳೆಯುವುದಿಲ್ಲ, ಬರೀ ಕೂಡಿಸುತ್ತಾರೆ.

ಮೊದಲು ಮೆಚ್ಚತಕ್ಕದ್ದನ್ನು ಹೇಳಿಬಿಡುತ್ತೇನೆ. 1997ರ ಟೆಂಪೆಸ್ಟ್‌ನ ಜಾಕಲ್ ಪಪ್ ಒಂದೇ ಮಾನಾಗೆ ಬಲ ಎರಡರ ಜೀವಿ. ಅದೇ ಸೆಟ್ಟಿನ ಮಾಗ್ ಫನಾಟಿಕ್‌ಗೂ ಬೆಲೆ ಒಂದೇ, ಬೇಕೆಂದಾಗ ತನ್ನನ್ನೇ ಬಲಿ ಕೊಟ್ಟು ಒಂದು ಪೆಟ್ಟು ಹಾಕುತ್ತದೆ. ಟ್ರೇಡರ್, ಫ್ಲಾರ್ಗ್, ಬ್ರಾಸ್ ಮ್ಯಾನ್ ತೆಗೆದು ಇವನ್ನು ಹಾಕುವುದರಲ್ಲಿ ಎರಡನೇ ಮಾತಿಲ್ಲ. ಮೊದಲ ಸರದಿಯ ಜಾಗದಲ್ಲಿ ಮೊದಲ ಸರದಿಯದೇ ಕಾರ್ಡು ಬಂತು, ಇನ್ನಷ್ಟು ಹರಿತವಾಗಿ ಬಂತು. ಪಪ್‌ಗೆ ಬಿದ್ದ ಪೆಟ್ಟು ಅಷ್ಟೇ ಪ್ರಮಾಣದಲ್ಲಿ ಅದರ ಒಡೆಯನಿಗೂ ಬೀಳುತ್ತದೆ ನಿಜ. ಸಾಕಿದವನನ್ನೇ ಕಚ್ಚುವ ನರಿಮರಿ. ಆದರೆ ಮೊದಲು ಹೊಡೆಯುವ ಡೆಕ್ಕಿಗೆ ಆ ಸಾಲ ಭಾರವಲ್ಲ.

ತಪ್ಪು ಶುರುವಾಗುವುದು ಇದರ ನಂತರ. ಹಳೆಯ ಆಲ್ಬಮ್ಮಿನಲ್ಲಿ ಶಿವಾನ್ ಡ್ರ್ಯಾಗನ್ ಇರುತ್ತದೆ. ಬಾಲ್ಯದ ಕಾರ್ಡು, ಚಿತ್ರವೂ ಚೆನ್ನ, ಬಲ ಐದು, ಹಾರುತ್ತದೆ. ಬೆಲೆ ಆರು ಮಾನಾ. ‘ಒಂದೇ ಒಂದು ಇರಲಿ’ ಎಂದು ಸೇರಿಸುತ್ತಾರೆ. 20 ಲ್ಯಾಂಡ್ ಇರುವ 60ರ ಡೆಕ್ಕಿನಲ್ಲಿ, ಎರಡನೆಯವರಾಗಿ ಆಡುವಾಗ, ಆರನೇ ಸರದಿಗೆ ನೀವು ನೋಡಿರುವುದು ಮೊದಲ ಏಳು, ಸರದಿಗೊಂದರಂತೆ ಆರು, ಒಟ್ಟು 13 ಕಾರ್ಡು. ಅದರಲ್ಲಿ ಲ್ಯಾಂಡ್ ಸರಾಸರಿ ನಾಲ್ಕಕ್ಕೆ ತುಸು ಹೆಚ್ಚು. ಆರನೇ ಲ್ಯಾಂಡ್ ಬರುವಷ್ಟರಲ್ಲಿ ಈ ಡೆಕ್ ಗೆದ್ದಿರಬೇಕು, ಇಲ್ಲವೇ ಸೋತಿರಬೇಕು. ಸ್ಲೈ ಪಟ್ಟಿಯಲ್ಲೂ ಡ್ರ್ಯಾಗನ್ ಇತ್ತಲ್ಲ ಎಂದು ವಾದಿಸುವವರಿದ್ದಾರೆ. ಇತ್ತು, ಆದರೆ ಅದು ಡ್ರ್ಯಾಗನ್ ವೆಲ್ಪ್, ಬೆಲೆ ನಾಲ್ಕೇ ಮಾನಾ. ಅಲ್ಲಿ 23 ಲ್ಯಾಂಡ್ ಇದ್ದವು ಎಂಬುದನ್ನೂ ಮರೆಯಬಾರದು.

ಲ್ಯಾಂಡಿನ ಮಾತು ಬಂದಿದ್ದರಿಂದ ಇಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು. ತಿದ್ದುಪಡಿಯ ಮುಕ್ಕಾಲು ಪಾಲು ಇರುವುದು ಯಾರೂ ಹುರುಪಿನಿಂದ ಮಾತಾಡದ ಈ ಭಾಗದಲ್ಲೇ. 60 ಕಾರ್ಡುಗಳಲ್ಲಿ 24 ಲ್ಯಾಂಡ್ ಇದ್ದರೆ ಮೊದಲ ಏಳು ಕಾರ್ಡುಗಳಲ್ಲಿ ಒಂದೋ ಸೊನ್ನೆಯೋ ಲ್ಯಾಂಡ್ ಬರುವ ಸಂಭವ ಸುಮಾರು 14%. 20ಕ್ಕೆ ಇಳಿಸಿದರೆ ಅದು 25% ಸಮೀಪ. ಅಂದರೆ ನಾಲ್ಕು ಆಟಕ್ಕೊಮ್ಮೆ ಕೈ ಕಟ್ಟಿ ಕೂರುವ ಅಪಾಯ. ಹಾಗಾದರೆ ಇಳಿಸುವುದೇಕೆ? ಐದೋ ಹೆಚ್ಚೋ ಲ್ಯಾಂಡ್ ತುಂಬಿ ಬರುವ ಸಂಭವ 8%ರಿಂದ 3.5%ಗೆ ಇಳಿಯುತ್ತದೆ ಎಂಬುದು ಒಂದು ಲಾಭ. ಆಟ ಮುಂದುವರಿದಂತೆ ಎಳೆಯುವ ಪ್ರತಿ ಕಾರ್ಡೂ ಪೆಟ್ಟಾಗಿರಬೇಕು ಎಂಬ ಹಸಿವು ದೊಡ್ಡ ಕಾರಣ. ಬೆಲೆಗಳೆಲ್ಲ ಒಂದು, ಎರಡಕ್ಕೆ ಇಳಿದಿರುವ ಡೆಕ್ಕಿಗೆ ಮಾತ್ರ ಈ ವ್ಯಾಪಾರ ಲಾಭದ್ದು. ಗೆದ್ದವರ ಪಟ್ಟಿ ನೋಡಿ ಲ್ಯಾಂಡ್ ಸಂಖ್ಯೆಯನ್ನಷ್ಟೇ ನಕಲು ಮಾಡಿ, ಮೇಲೆ ನಾಲ್ಕು ಮಾನಾದ ಕಾರ್ಡುಗಳನ್ನು ಹಾಗೇ ಉಳಿಸಿಕೊಂಡವರು ಸೋತಾಗ ಅದೃಷ್ಟವನ್ನು ಬೈಯುತ್ತಾರೆ.

ಎಷ್ಟು ಲ್ಯಾಂಡ್ ಎಂಬುದರ ಜೊತೆಗೆ ಯಾವ ಲ್ಯಾಂಡ್ ಎಂಬುದೂ ಅಷ್ಟೇ ಮುಖ್ಯ. ಮಿಶ್ರಾಸ್ ಫ್ಯಾಕ್ಟರಿ ಹಳೆಯ ಪಟ್ಟಿಯಲ್ಲೂ ನಾಲ್ಕಿತ್ತು. ಲ್ಯಾಂಡೂ ಹೌದು, ಬೇಕಾದಾಗ ಎದ್ದು ಹೊಡೆಯುವ ಜೀವಿಯೂ ಹೌದು. ಯಾರಿಗೆ ತಾನೇ ತೆಗೆಯಲು ಮನಸ್ಸು ಬಂದೀತು? ಆದರೆ ನಂತರ ಬಂದ ಎರಡು ಕಾರ್ಡುಗಳು ಲೆಕ್ಕ ಬದಲಿಸಿದವು. 1997ರ ಫೈರ್‌ಬ್ಲಾಸ್ಟ್‌ಗೆ ಮಾನಾ ಕೊಡದೆ, ಕೆಂಪಿನ ಮೂಲ ಲ್ಯಾಂಡ್ ಆದ ಎರಡು ಮೌಂಟನ್‌ಗಳನ್ನೇ ಬಲಿ ಕೊಟ್ಟು ನಾಲ್ಕು ಪೆಟ್ಟು ಹಾಕಬಹುದು. ಫ್ಯಾಕ್ಟರಿ ಮೌಂಟನ್ ಅಲ್ಲ. 1998ರ ಪ್ರೈಸ್ ಆಫ್ ಪ್ರೋಗ್ರೆಸ್ ಇನ್ನೂ ಚೆಂದ. ಎರಡು ಮಾನಾಗೆ, ಪ್ರತಿ ಆಟಗಾರನಿಗೂ ಅವನ ಬಳಿ ಇರುವ ಮೂಲವಲ್ಲದ ಲ್ಯಾಂಡ್ ಒಂದಕ್ಕೆ ಎರಡರಂತೆ ಪೆಟ್ಟು. ಎರಡು ಮೂರು ಬಣ್ಣ ಸಂಭಾಳಿಸಲು ಎದುರಾಳಿ ತಂದಿಟ್ಟ ನಾಲ್ಕು ವಿಶೇಷ ಲ್ಯಾಂಡ್‌ಗಳು ಅವನಿಗೇ ಎಂಟು ಪೆಟ್ಟಾಗಿ ಬೀಳುತ್ತವೆ. ನಿಮ್ಮ ಮುಂದೆ ಎರಡು ಫ್ಯಾಕ್ಟರಿ ಇದ್ದರೆ ನಾಲ್ಕು ಪೆಟ್ಟು ನಿಮಗೂ. ಈ ಮೂರನ್ನೂ ನಾಲ್ಕು ನಾಲ್ಕು ತುಂಬಿದ ಡೆಕ್‌ಗಳಿವೆ. ಬಿಡಿಬಿಡಿಯಾಗಿ ಮೂರೂ ಒಳ್ಳೆಯವೇ; ಒಟ್ಟಿಗೆ ಇಟ್ಟರೆ ಒಂದರ ಕಾಲು ಇನ್ನೊಂದು ಎಳೆಯುತ್ತದೆ. ನನ್ನ ಮತ ಕೇಳಿದರೆ, ಫೈರ್‌ಬ್ಲಾಸ್ಟ್ ಇಟ್ಟವರು ಫ್ಯಾಕ್ಟರಿಯನ್ನು ಎರಡಕ್ಕೆ ಇಳಿಸಬೇಕು, ಇಲ್ಲವೇ ಪೂರ್ತಿ ಬಿಡಬೇಕು.

ಒಳಜಗಳ ಎಲ್ಲ ಕಡೆಯೂ ಕೆಟ್ಟದ್ದಲ್ಲ. ಗ್ರಿಮ್ ಲಾವಾಮ್ಯಾನ್ಸರ್ ಸ್ಮಶಾನದಿಂದ, ಅಂದರೆ ಬಳಸಿ ಮುಗಿದ ಕಾರ್ಡುಗಳ ರಾಶಿಯಿಂದ, ಎರಡೆರಡು ಕಾರ್ಡು ತೆಗೆದು ಎರಡು ಪೆಟ್ಟು ಹಾಕುತ್ತಾನೆ. ಬಾರ್ಬೇರಿಯನ್ ರಿಂಗ್ ಎಂಬ ಲ್ಯಾಂಡ್ ಪೆಟ್ಟು ಹಾಕಬೇಕಾದರೆ ಅದೇ ಸ್ಮಶಾನದಲ್ಲಿ ಏಳು ಕಾರ್ಡು ಇರಬೇಕು. ಒಬ್ಬ ಖಾಲಿ ಮಾಡುತ್ತಾನೆ, ಇನ್ನೊಂದಕ್ಕೆ ತುಂಬಿರಬೇಕು. ಆದರೆ ಮೊದಲನೆಯವನು ಆಟದ ಆರಂಭಕ್ಕೆ, ಎರಡನೆಯದು ಕೊನೆಯ ಎರಡು ಪೆಟ್ಟಿಗೆ. ಬೇಗ ಸತ್ತ ಲಾವಾಮ್ಯಾನ್ಸರ್ ತಾನೇ ಸ್ಮಶಾನಕ್ಕೆ ಒಂದು ಕಾರ್ಡಾಗುತ್ತಾನೆ. ಎರಡರ ಕಾಲ ಬೇರೆಯಾದ್ದರಿಂದ ಈ ಜಗಳವನ್ನು ಸಹಿಸಬಹುದು. ಫ್ಲಾರ್ಗ್ ಮತ್ತು ಕುಬ್ಜರದು ಒಂದೇ ಸರದಿಯ ಜಗಳ. ಮೊದಲ ಸರದಿಗೆ ಒಳ್ಳೆಯ ಜೀವಿಗಳು ವಿರಳವಾಗಿದ್ದ ದಿನಗಳಲ್ಲಿ ಅದು ಕ್ಷಮ್ಯ. ಪಪ್ ಬಂದಮೇಲೆ ಅಲ್ಲ.

ಇನ್ನು ಮಾನಾದಲ್ಲಲ್ಲ, ಹಣದಲ್ಲಿ ದುಬಾರಿಯಾದ ಕಾರ್ಡುಗಳ ವಿಚಾರ. ಪ್ರಕಾಶಕರಾದ ವಿಜರ್ಡ್ಸ್ ಆಫ್ ದ ಕೋಸ್ಟ್ 1996ರಲ್ಲಿ ಕೆಲವು ಕಾರ್ಡುಗಳನ್ನು ಮತ್ತೆ ಅಚ್ಚು ಹಾಕುವುದಿಲ್ಲ ಎಂದು ಪಟ್ಟಿ ಮಾಡಿ ಘೋಷಿಸಿತು. ಮುಂದಿನ ಸೆಟ್‌ಗಳ ಕಾರ್ಡುಗಳೂ ಅದಕ್ಕೆ ಸೇರುತ್ತ ಹೋದವು. ಕರ್ಸ್ಡ್ ಸ್ಕ್ರೋಲ್ ಅದರಲ್ಲಿದೆ, ಹಾಗಾಗಿ ಅದರ ಬೆಲೆ ಕೆಂಪು ಡೆಕ್ಕಿನ ಮಿಕ್ಕ ಕಾರ್ಡುಗಳ ಜೊತೆ ಹೋಲಿಸುವಂತಿಲ್ಲ. ಅದನ್ನು ಬಳಸಲು ಮೂರು ಮಾನಾ ಕೊಟ್ಟು ಒಂದು ಕಾರ್ಡಿನ ಹೆಸರು ಹೇಳಬೇಕು. ಕೈಯಿಂದ ಯಾದೃಚ್ಛಿಕವಾಗಿ ತೆಗೆದ ಕಾರ್ಡು ಅದೇ ಆಗಿದ್ದರೆ ಎರಡು ಪೆಟ್ಟು. ಕೈಯಲ್ಲಿ ಒಂದೇ ಕಾರ್ಡು ಉಳಿದಿದ್ದರೆ ಗುರಿ ತಪ್ಪುವುದೇ ಇಲ್ಲ. ಐದು ಬೇರೆ ಬೇರೆ ಕಾರ್ಡು ಇದ್ದರೆ ಐದರಲ್ಲಿ ಒಂದು ಪಾಲು ಅವಕಾಶ, ಅಷ್ಟೇ. ಅಂದರೆ ಬೇಗ ಕೈ ಖಾಲಿ ಮಾಡಿಕೊಳ್ಳುವ ಡೆಕ್ಕಿನಲ್ಲಿ ಇದು ಅಸ್ತ್ರ. ಮೂರು, ನಾಲ್ಕು ಮಾನಾದ ಕಾರ್ಡುಗಳು ಕೈಯಲ್ಲೇ ಕೊಳೆಯುವ ಡೆಕ್ಕಿನಲ್ಲಿ ಕಲ್ಲು. ಕರ್ವ್ ಸರಿಮಾಡದೆ ಮೊದಲು ಸ್ಕ್ರೋಲ್ ಕೊಳ್ಳುವವರನ್ನು ಕಂಡಾಗ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಮಾತು ಬಾಯಿಗೆ ಬರುತ್ತದೆ.

ಹಳೆಯ ಪಟ್ಟಿಗಳನ್ನು ಪೂಜಿಸುವವರಿಗೂ ಒಂದು ಕಿವಿಮಾತು. ಕಾರ್ಡು ಹಳೆಯದಾದರೂ ಈಗ ಆಡುವುದು ಇಂದಿನ ನಿಯಮಗಳಲ್ಲಿ. 1999ರಿಂದ 2009ರವರೆಗೆ ಕಾಳಗದ ಪೆಟ್ಟುಗಳು ಮೊದಲು ಲೆಕ್ಕಕ್ಕೆ ಸೇರಿ, ಸ್ವಲ್ಪ ತಡೆದು ಬೀಳುತ್ತಿದ್ದವು. ಆ ಸಂದಿಯಲ್ಲಿ ಮಾಗ್ ಫನಾಟಿಕ್ ತನ್ನ ಕಾಳಗದ ಪೆಟ್ಟನ್ನೂ ಹಾಕಿ, ತನ್ನನ್ನು ಬಲಿ ಕೊಟ್ಟು ಇನ್ನೊಂದನ್ನೂ ಹಾಕುತ್ತಿತ್ತು. 2009ರ ನಿಯಮ ಬದಲಾವಣೆಯಿಂದ ಆ ಸಂದಿ ಮುಚ್ಚಿತು. ಈಗ ಎರಡರಲ್ಲಿ ಒಂದೇ. 2000ದ ಆಸುಪಾಸಿನ ಪಟ್ಟಿಯನ್ನು ಅಕ್ಷರಶಃ ನಕಲು ಮಾಡಿದವರು ಎರಡು ಪೆಟ್ಟಿನ ಫನಾಟಿಕ್ ಎಂದು ನಂಬಿ ಒಂದು ಪೆಟ್ಟಿನದನ್ನು ಆಡುತ್ತಿರುತ್ತಾರೆ. ಆದರೂ ಅದು ಜಾಗ ಉಳಿಸಿಕೊಳ್ಳಲು ಯೋಗ್ಯವೇ, ಆದರೆ ಈಗ ಅದು ಡೆಕ್ಕಿನ ನಾಯಕನಲ್ಲ.

ಇನ್ನು ಬಿಡಿ ಕಾರ್ಡುಗಳ ಮೋಹ. ನಾಲ್ಕು ಪ್ರತಿ ಇದ್ದರೆ ಮೊದಲ ಕೈಯಲ್ಲಿ ಕನಿಷ್ಠ ಒಂದಾದರೂ ಬರುವ ಸಂಭವ ಸುಮಾರು 40%, ಎರಡಿದ್ದರೆ 22%, ಒಂದೇ ಇದ್ದರೆ 12%ಕ್ಕಿಂತ ಕಡಿಮೆ. 1996ರ ಪಟ್ಟಿಯಲ್ಲಿ ಫೈರ್‌ಬಾಲ್ ಒಂದು, ಶ್ಯಾಟರ್ ಒಂದು, ಡೆಟೊನೇಟ್ ಒಂದು ಎಂದು ಚಿಲ್ಲರೆ ಕಾಣುತ್ತವೆ. ನನಗೆ ಆ ಡೆಕ್ಕಿನ ನಿಜವಾದ ದುರ್ಬಲ ಜಾಗ ಅದೇ, ಆರ್ಕ್‌ಗಳಲ್ಲ. ಶ್ಯಾಟರ್‌ನಂಥ ಕಾರ್ಡು ಎದುರಾಳಿಯ ಬಳಿ ಯಂತ್ರವಸ್ತುಗಳಿಲ್ಲದಿದ್ದರೆ ಬರೀ ಕಾಗದ. ಅವು ಇರಬೇಕಾದ್ದು ಮೊದಲ ಆಟದ ನಂತರ ಬದಲಿಸಿಕೊಳ್ಳುವ 15 ಕಾರ್ಡುಗಳ ಸೈಡ್‌ಬೋರ್ಡ್‌ನಲ್ಲಿ.

ಆ 15ರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಂಪು ಡೆಕ್ಕಿಗೆ ಬಿಳಿ ಡೆಕ್ಕಿನವರ ಉತ್ತರ ಸರ್ಕಲ್ ಆಫ್ ಪ್ರೊಟೆಕ್ಷನ್: ರೆಡ್, ಒಂದು ಮಾನಾಗೆ ಒಂದು ಕೆಂಪು ಕಾರ್ಡು ಹಾಕುವ ಪೆಟ್ಟನ್ನು ಪೂರ್ತಿ ತಡೆಯುತ್ತದೆ. ಇದಕ್ಕೆ ಹಳಬರ ಮೆಚ್ಚಿನ ಮದ್ದು ಅನಾರ್ಕಿ, ಮೇಜಿನ ಮೇಲಿನ ಬಿಳಿ ಬಣ್ಣವನ್ನೆಲ್ಲ ಒರೆಸಿ ಹಾಕುತ್ತದೆ. ನೋಡಲು ರೋಚಕ, ಆದರೆ ಬೆಲೆ ನಾಲ್ಕು ಮಾನಾ, 20 ಲ್ಯಾಂಡಿನ ಡೆಕ್ಕಿಗೆ ತಡವಾಗಿ ಬರುವ ಮದ್ದು. 2002ರ ಫ್ಲೇರಿಂಗ್ ಪೇನ್ ಆ ಸರದಿಯಲ್ಲಿ ಯಾವ ಪೆಟ್ಟನ್ನೂ ತಡೆಯಲಾಗದಂತೆ ಮಾಡುತ್ತದೆ. ಎರಡು ಮಾನಾ ಸಾಕು, ಸ್ಮಶಾನದಿಂದ ಒಂದೇ ಮಾನಾಗೆ ಮತ್ತೊಮ್ಮೆ ಬಳಸಬಹುದು. ಎದುರಾಳಿ ಸರ್ಕಲ್ ನಂಬಿಕೊಂಡು ಆರು ಲೈಫಿನಲ್ಲಿ ನೆಮ್ಮದಿಯಾಗಿ ಕೂತಿರುವಾಗ ಫ್ಲೇರಿಂಗ್ ಪೇನ್, ಅದರ ಬೆನ್ನಿಗೇ ಒಂದು ಲೈಟ್ನಿಂಗ್ ಬೋಲ್ಟ್, ಒಂದು ಫೈರ್‌ಬ್ಲಾಸ್ಟ್: ಏಳು ಪೆಟ್ಟು, ಮೂರೇ ಮಾನಾ. ಸರ್ಕಲ್ ಮೇಜಿನ ಮೇಲೇ ಇರುತ್ತದೆ, ಇದ್ದೂ ಇಲ್ಲದಂತೆ. ಎದುರಿಗೆ ಬಿಳಿ ಸೈನ್ಯವೇ ನಿಂತಿರುವ ಡೆಕ್‌ಗಳು ನಿಮ್ಮ ಊರಿನ ಕೂಟದಲ್ಲಿ ಹೆಚ್ಚಿದ್ದರೆ ಎರಡು ಅನಾರ್ಕಿ ಇಟ್ಟುಕೊಳ್ಳಿ, ನನ್ನ ಅಡ್ಡಿಯಿಲ್ಲ. ಮೂರನೆಯದಕ್ಕೆ ಮಾತ್ರ ಒಪ್ಪಲಾರೆ.