ಲುಪ್ತ ಪಾತ್ರವರ್ಗಗಳ ಜೀರ್ಣೋದ್ಧಾರ

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ 1974ನೆಯ ಇಸವಿಯಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಈರ್ವರು ರಚಿಸಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು ನಮ್ಮ ವಾಚಕರಲ್ಲಿ ಹಲವರಿಗೆ ಅಪರಿಚಿತವಾಗಿರಬಹುದು. ಕಾವ್ಯವಿಚಾರಕ್ಕೆ ಮೀಸಲಾದ ಪುಟಗಳಲ್ಲಿ ಆಟದ ಮಾತೇಕೆಂದು ಕೆಲವರು ಆಕ್ಷೇಪಿಸಲೂ ಬಹುದು. ಆದರೆ ಇದು ಪಗಡೆ ಚದುರಂಗಗಳ ಜಾತಿಗೆ ಸೇರಿದುದಲ್ಲ. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಮಾತಿನಿಂದಲೇ ಕಥೆಯನ್ನು ನಡೆಸುವರು. ಫಲವು ಸಂದಿಗ್ಧವಾದೆಡೆಯಲ್ಲಿ ದಾಳವನ್ನುರುಳಿಸುವರು. ಇವರ ನಡುವೆ ಒಬ್ಬನು ಸೂತ್ರಧಾರನಾಗಿದ್ದು ಲೋಕವನ್ನೂ ಶತ್ರುಗಳನ್ನೂ ನಿರ್ವಹಿಸುವನು. ನಮ್ಮ ರೂಪಕಗಳಲ್ಲಿ ಇದಕ್ಕೆ ಸಮೀಪವಾದುದು ಸಮವಕಾರ. ಅಲ್ಲಿಯೂ ನಾಯಕನೊಬ್ಬನಲ್ಲ, ಹನ್ನೆರಡು ಮಂದಿ, ಒಬ್ಬೊಬ್ಬನಿಗೂ ಫಲವು ಬೇರೆ ಬೇರೆ. ನನ್ನ ಸೋದರಳಿಯನು ತಂದುಕೊಟ್ಟ ಈ ಆಟದ ಗ್ರಂಥಗಳನ್ನು ಮೊದಲು ವಿನೋದಕ್ಕಾಗಿ ತೆರೆದೆನು. ತೆರೆದ ಮೇಲೆ ಇವು ಲಕ್ಷಣಗ್ರಂಥಗಳೇ ಎಂದು ತಿಳಿಯಿತು.

ಆಟಗಾರನು ವಹಿಸತಕ್ಕ ಪಾತ್ರದ ಬಗೆಗೆ ಅಲ್ಲಿ ‘ಕ್ಲಾಸ್’ ಎಂದು ಹೆಸರು, ನಾವು ವರ್ಗವೆನ್ನೋಣ. 1974ರಲ್ಲಿ ಇದ್ದುವು ಮೂರೇ: ಯೋಧ, ಮಾಂತ್ರಿಕ, ಪುರೋಹಿತ. ಮುಂದಿನ ಎರಡು ವರ್ಷಗಳ ಅನುಬಂಧಗಳಲ್ಲಿ ಕಳ್ಳ, ಧರ್ಮವೀರನಾದ ಪ್ಯಾಲಡಿನ್, ಘಾತುಕನಾದ ಅಸಾಸಿನ್, ಮುಷ್ಟಿಯುದ್ಧನಿಪುಣನಾದ ಮಾಂಕ್, ಡ್ರೂಯಿಡ್ ಮುಂತಾದವರು ಬಂದರು. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಇವರನ್ನೆಲ್ಲ ಒಂದೆಡೆ ಸಂಗ್ರಹಿಸಿತು. 1989ರ ಎರಡನೆಯ ಆವೃತ್ತಿಯ ಮೂಲಗ್ರಂಥದಲ್ಲಿ ಅಸಾಸಿನ್ ಮತ್ತು ಮಾಂಕ್ ಇಬ್ಬರೂ ಇಲ್ಲ; ಐಂದ್ರಜಾಲಿಕನಾದ ಇಲ್ಯೂಷನಿಸ್ಟ್ ಮಾಂತ್ರಿಕನ ಒಂದು ಪ್ರಭೇದವಾಗಿ ಉಳಿದನು. ಮಾಂಕ್ 2000ದಲ್ಲಿ ಸ್ವತಂತ್ರನಾಗಿಯೇ ಹಿಂದಿರುಗಿದನು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. 2014 ಮತ್ತು 2024ರ ಗ್ರಂಥಗಳಲ್ಲಿ ಅಸಾಸಿನ್ ಕಳ್ಳನ ಉಪವರ್ಗವಾಗಿಯೂ ಐಂದ್ರಜಾಲಿಕನು ಮಾಂತ್ರಿಕನ ಉಪವರ್ಗವಾಗಿಯೂ ಕಾಣುವರು.

ಇದನ್ನು ಉದ್ಧಾರವೆನ್ನಬಹುದೇ ಎಂಬುದೇ ಪ್ರಕೃತ ವಿಚಾರ. ರಸವು ಅಂಗಿಯಾಗಿರುವಲ್ಲಿ ಧ್ವನಿ. ಅದೇ ರಸವು ಮತ್ತೊಂದಕ್ಕೆ ಅಂಗವಾದರೆ ರಸವದಲಂಕಾರವೆಂದು ಆಲಂಕಾರಿಕರು ವಿಭಾಗಿಸುವರಷ್ಟೆ. ಹೆಸರು ಉಳಿಯಿತು, ಸ್ಥಾನ ಹೋಯಿತು. ಉಪವರ್ಗಗಳ ಗತಿಯೂ ಇದೇ ಎಂದು ನನ್ನ ಮತ.

ಐಂದ್ರಜಾಲಿಕನನ್ನೇ ನೋಡಿರಿ. 1978ರ ಗ್ರಂಥದಲ್ಲಿ ಅವನಿಗೆ ತನ್ನದೇ ಆದ ಮಂತ್ರಪಟ್ಟಿಯಿತ್ತು. ಮಾಂತ್ರಿಕನ ಮಂತ್ರಗಳು ಒಂಬತ್ತು ಶ್ರೇಣಿಗಳವರೆಗೆ ಏರಿದರೆ ಇವನವು ಏಳಕ್ಕೇ ನಿಲ್ಲುತ್ತಿದ್ದುವು. ಆದರೆ ‘ಫ್ಯಾಂಟಾಸ್ಮಲ್ ಫೋರ್ಸ್’ ಎಂಬ ಮಾಯಾಮಂತ್ರವು ಮಾಂತ್ರಿಕನಿಗೆ ಮೂರನೆಯ ಶ್ರೇಣಿಯದಾಗಿದ್ದಾಗ ಇವನಿಗೆ ಮೊದಲನೆಯದರಲ್ಲಿಯೇ ಲಭ್ಯ. ಆ ಮಂತ್ರದ ಸ್ವಭಾವವು ವಿಚಾರಾರ್ಹವಾದುದು. ಕಂಡುದನ್ನು ನಿಜವೆಂದು ನಂಬಿದವನಿಗೆ ಮಾಯೆಯಿಂದಲೂ ಗಾಯವಾಗುವುದು; ಶತ್ರುವು ಆ ರೂಪವನ್ನು ಹೊಡೆದಾಗ ಅದು ಪೆಟ್ಟು ತಿಂದಂತೆ ನಟಿಸದಿದ್ದರೆ ಮಾಯೆ ಹರಿದುಹೋಗುವುದು. ಆದುದರಿಂದ ಇವನನ್ನು ವಹಿಸಿದ ಆಟಗಾರನಿಗೆ ದಾಳದ ಅಂಕಿ ಸಾಲದು. ಯಾವ ರೂಪ, ಯಾವ ಸಮಯ, ಎದುರಾಳಿಯ ಭಯವೇನು ಎಂಬುದನ್ನೆಲ್ಲ ಯೋಚಿಸಿ ಬಾಯಿಬಿಟ್ಟು ವರ್ಣಿಸಬೇಕು. ಸೂತ್ರಧಾರನು ಸಹೃದಯನಾಗಿ ಆ ವರ್ಣನೆಯನ್ನು ತೂಗಬೇಕು. ಬೆಂಕಿಯುಂಡೆಯೆಸೆಯುವ ಮಾಂತ್ರಿಕನ ಕೈಯಲ್ಲಿ ಇಂದ್ರಜಾಲವು ಹತ್ತು ಉಪಾಯಗಳಲ್ಲಿ ಒಂದು. ಐಂದ್ರಜಾಲಿಕನಿಗಾದರೋ ಅದೇ ಜೀವನೋಪಾಯ. ಒಂದು ವ್ಯಾಪಾರವು ಒಬ್ಬನಿಗೆ ಅನನ್ಯಗತಿಯಾದಾಗಲೇ ಅವನಲ್ಲಿ ಪಾತ್ರತ್ವವು ಮೂಡುವುದು.

ಈ ವರ್ಣನೆ, ಈ ನಂಬಿಕೆಗಳೇ ಜಗಳಕ್ಕೆ ಕಾರಣ, ರಾಕ್ಷಸನು ನಂಬಿದನೋ ಇಲ್ಲವೋ ಎಂಬ ವಾದದಲ್ಲಿ ಆಟವೇ ನಿಂತುಹೋಗುವುದು, ಆದುದರಿಂದ ಈ ವರ್ಗವನ್ನು ಕುಗ್ಗಿಸಿದುದೇ ನ್ಯಾಯವೆಂಬುದು ಪೂರ್ವಪಕ್ಷ. ವಾದವುಂಟಾಗುವುದು ಸತ್ಯ. ಆದರೆ ಸೂತ್ರಧಾರನು ಅರಸಿಕನಾಗಬಹುದೆಂದು ಪಾತ್ರವನ್ನೇ ತೆಗೆದುಹಾಕುವುದು, ಭಿಕ್ಷುಕರು ಬಂದಾರೆಂದು ಅನ್ನಕ್ಕೆ ಎಸರಿಡದೆ ಕುಳಿತಂತೆ.

ಮತ್ತೊಂದು ಮಾರ್ಗವೂ ಉಂಟು. 2006ರಲ್ಲಿ ಹೊರಟ ‘ಓಸ್ರಿಕ್’ ಎಂಬ ಗ್ರಂಥವು ಹಳೆಯ ನಿಯಮಗಳನ್ನು ಪುನಃ ನಿರೂಪಿಸಿ ಐಂದ್ರಜಾಲಿಕ ಘಾತುಕರನ್ನು ಸ್ವತಂತ್ರ ವರ್ಗಗಳನ್ನಾಗಿಯೇ ಕೊಟ್ಟಿತು. ಇದು ಪಾಠಪರಿಷ್ಕರ್ತನ ಕೆಲಸ, ಶ್ಲಾಘ್ಯವಾದುದು. ಆದರೂ ಹಳೆಯದೆಲ್ಲವೂ ಉದ್ಧಾರಯೋಗ್ಯವೆಂದು ನಾನು ಹೇಳಲಾರೆ. 1978ರ ಬಾರ್ಡ್ ಎಂಬ ಗಾಯಕನು ಮೊದಲು ಯೋಧನಾಗಿ, ಬಳಿಕ ಕಳ್ಳನಾಗಿ, ಕಡೆಗೆ ಡ್ರೂಯಿಡರ ಶಿಷ್ಯನಾಗಿ ಆ ಪದವಿಯನ್ನು ಪಡೆಯಬೇಕಾಗಿತ್ತು. ಕಥೆಯಾಗಿ ಸೊಗಸು, ಆಟದಲ್ಲಿ ಆ ಗಾಯಕನು ಹಾಡುವುದಕ್ಕೆ ಮೊದಲೇ ಮೇಜು ಬರಿದಾಗಿರುವುದು. ಲಕ್ಷಣವು ಅಸಂಭವದೋಷಕ್ಕೆ ಬಹು ಹತ್ತಿರ. ಘಾತುಕನ ವಿಷಯವು ಬೇರೆ. ಅವನ ಅತ್ಯುನ್ನತ ಪದವಿಗಳಿಗೆ ಒಬ್ಬೊಬ್ಬನೇ ಅಧಿಕಾರಿ. ಇದ್ದವನನ್ನು ತೊಲಗಿಸದೆ ಮತ್ತೊಬ್ಬನು ಏರಲಾರನು. ಸಂಘವೂ ಪದವಿಯೂ ಸೇರಿದರೇ ಅವನ ಲಕ್ಷಣವು ಪೂರ್ಣ. ಅವನ್ನು ಬಿಟ್ಟು ಹೊಂಚಿ ಹೊಡೆಯುವ ಶಕ್ತಿಯನ್ನು ಮಾತ್ರ ಕಳ್ಳನಿಗೆ ತೊಡಿಸಿದರೆ ಉಳಿಯುವುದು ಚಾಕು ಒಂದೇ.

ಇಂತಹ ಪ್ರಯತ್ನವು ನಮಗೆ ಹೊಸದಲ್ಲ. ಕಾಲಂಜರದ ಪರಮರ್ದಿದೇವನ ಅಮಾತ್ಯನಾದ ವತ್ಸರಾಜನು ಹನ್ನೆರಡು ಹದಿಮೂರನೆಯ ಶತಮಾನಗಳ ಸಂಧಿಯಲ್ಲಿ, ಬಳಕೆ ತಪ್ಪಿದ ಡಿಮ, ಈಹಾಮೃಗ, ಸಮವಕಾರಗಳನ್ನೂ, ಜೊತೆಗೆ ಭಾಣ, ಪ್ರಹಸನ, ವ್ಯಾಯೋಗಗಳನ್ನೂ ಒಂದೊಂದಾಗಿ ರಚಿಸಿದನು. ಬರೋಡೆಯ ಗಾಯಕವಾಡ ಮಾಲೆಯಲ್ಲಿ 1918ರಲ್ಲಿ ಈ ಆರೂ ಅಚ್ಚಾದುವು. ಡಿಮಕ್ಕೆ ನಾಲ್ಕು ಅಂಕ, ಹದಿನಾರು ನಾಯಕರು ಎಂಬ ವಿಧಿಗೆ ಒಪ್ಪಿಸಲೆಂದೇ ‘ತ್ರಿಪುರದಾಹ’ವು ಹುಟ್ಟಿತೇನೋ ಎಂದು ಓದುವಾಗ ಅನ್ನಿಸುವುದು, ಲಕ್ಷಣವು ಮುಂದೆ, ಕವಿಯು ಹಿಂದೆ. ‘ಕರ್ಪೂರಚರಿತ’ ಭಾಣದಲ್ಲಿಯಾದರೋ ಜೂಜುಗಾರನ ಮಾತು ತಾನಾಗಿ ಹರಿಯುವುದು. ಅಲ್ಲಿ ವಿಧಿಯ ನೆನಪೇ ಬಾರದು.

2008ರ ನಾಲ್ಕನೆಯ ಆವೃತ್ತಿಯ ‘ವಾರ್ಲಾರ್ಡ್’ ಎಂಬ ಸೇನಾನಿಗೆ ಈ ಪರೀಕ್ಷೆಯನ್ನು ಒಡ್ಡಬಹುದು. ಅವನ ವಿಶೇಷವು ತಾನು ಹೊಡೆಯದೆ ಇತರರಿಂದ ಹೊಡೆಯಿಸುವುದು. ತನ್ನ ಸರದಿಯನ್ನು ಸಂಗಡಿಗನಿಗೆ ಒಪ್ಪಿಸಿ ಮಾತಿನಿಂದಲೇ ಬಿದ್ದವನನ್ನೆಬ್ಬಿಸುವುದು. 2014ರಲ್ಲಿ ಅವನನ್ನು ಕೈಬಿಟ್ಟು, ಆ ಆಜ್ಞಾಪ್ರಹಾರವೊಂದನ್ನು ಯೋಧನ ಉಪವರ್ಗವೊಂದರ ಹಲವು ವರಸೆಗಳ ನಡುವೆ ಸೇರಿಸಿದರು. ಅನೇಕನಾಯಕವಾದ ಆಟದಲ್ಲಿ ಪರರ ಫಲವನ್ನೇ ತನ್ನ ಫಲವಾಗಿಸಿಕೊಂಡ ಪಾತ್ರವು ಇದೊಂದೇ ಎಂದು ನನಗೆ ತೋರುವುದು. ಐಂದ್ರಜಾಲಿಕನಿಗಿಂತಲೂ ಮೊದಲು ಉದ್ಧರಿಸತಕ್ಕವನು ಇವನೇ.