ಪಂಪನ ಕುಲ, ಮತ, ನುಡಿ: ಅಸ್ಮಿತೆಯ ಪ್ರಶ್ನೆ

ಕನ್ನಡದಲ್ಲಿ ಅಸ್ಮಿತೆಯನ್ನು ಕುರಿತ ಚರ್ಚೆಗೆ ಪರಿಭಾಷೆಯ ತೊಡಕೊಂದು ಆರಂಭದಲ್ಲಿಯೇ ಎದುರಾಗುತ್ತದೆ. 'ಜನಾಂಗ' ಎಂಬ ಒಂದೇ ಪದವನ್ನು ದೇಹಲಕ್ಷಣಗಳ ಆಧಾರದ ಮೇಲಿನ ಮಾನವ ವಿಂಗಡಣೆಗೂ, ಸಮಾನ ಮೂಲ ಹಾಗೂ ಸ್ಮೃತಿಗಳಿಂದ ತಾವೊಂದೆಂದು ಭಾವಿಸುವ ಸಮುದಾಯಕ್ಕೂ, ಜಾತಿಗೂ ಬಳಸುತ್ತೇವೆ. ಮೊದಲನೆಯದು ಜೈವಿಕ ಸತ್ಯಕ್ಕಿಂತ ಹೆಚ್ಚಾಗಿ ಸಾಮಾಜಿಕ ಕಲ್ಪನೆಯೆಂಬುದನ್ನು 1950ರ ಯುನೆಸ್ಕೊ ಹೇಳಿಕೆ ಸ್ಪಷ್ಟಪಡಿಸಿತು. ಎರಡನೆಯದನ್ನು ನಿರ್ಧರಿಸುವುದು ಸಮುದಾಯದ ಸಾಂಸ್ಕೃತಿಕ ಸಾಮಗ್ರಿಯಲ್ಲ, ಅದು ಎಳೆದುಕೊಳ್ಳುವ ಗಡಿ ಎಂದು ಫ್ರೆಡ್ರಿಕ್ ಬಾರ್ತ್ 1969ರಲ್ಲಿ ವಾದಿಸಿದರು. ಈ ಭೇದಗಳನ್ನು ಮರೆತು ಪ್ರಾಚೀನ ಕವಿಯೊಬ್ಬನ ಅಸ್ಮಿತೆಯನ್ನು ನಿರ್ಣಯಿಸಹೊರಟರೆ ಒದಗುವ ಅಪಾಯಕ್ಕೆ ಪಂಪನನ್ನು ಕುರಿತ ವಿವೇಚನೆಯೇ ನಿದರ್ಶನ.

ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದಲ್ಲಿ ಪಂಪನ ತಮ್ಮ ಜಿನವಲ್ಲಭನು ಬರೆಯಿಸಿದ ಹತ್ತನೆಯ ಶತಮಾನದ ಶಾಸನವಿದೆ. ಅದು ಸಂಸ್ಕೃತ, ಕನ್ನಡ, ತೆಲುಗುಗಳಲ್ಲಿದೆ. ಅದರ ತೆಲುಗು ಭಾಗ ಆ ಭಾಷೆಯ ಅತಿಪ್ರಾಚೀನ ಕಂದಪದ್ಯಗಳಲ್ಲಿ ಎಣಿಕೆಯಾಗುತ್ತದೆ. ಮನೆತನದ ಮೂಲ ವೆಂಗಿನಾಡಿನ ವಂಗಿಪರ್ರು. ಆಶ್ರಯ ದೊರೆತದ್ದು ವೇಮುಲವಾಡದ ಅರಿಕೇಸರಿಯಲ್ಲಿ. ಆದರೆ ಪಂಪನು ತನ್ನ ಕಾವ್ಯಭಾಷೆಯೆಂದು ಹೇಳಿಕೊಂಡದ್ದು ದೂರದ ಪುಲಿಗೆರೆಯ ಕನ್ನಡವನ್ನು, ಹಂಬಲಿಸಿದ್ದು ಬನವಾಸಿಯನ್ನು.

ಹೀಗಿರುವಾಗ 'ಪಂಪ ಕನ್ನಡಿಗನೋ ತೆಲುಗನೋ' ಎಂಬ ಪ್ರಶ್ನೆಯೇ ಸದೋಷವಾದುದು. ಹುಟ್ಟಿದ ಮನೆತನದ ನೆಲ, ಆಳುವವನ ನೆಲ, ಬರೆಯುವ ನುಡಿ ಇವು ಒಂದೇ ಆಗಿರಬೇಕೆಂಬ ನಿರೀಕ್ಷೆ ಭಾಷಾವಾರು ಪ್ರಾಂತ್ಯಗಳ ಕಾಲದ್ದು, ಶಾಸನದ ಕಾಲದ್ದಲ್ಲ.

ಆದರೆ ಇದರಿಂದ ಆ ಕಾಲದ ಅಸ್ಮಿತೆ ಬಂಧನರಹಿತವಾಗಿತ್ತೆಂದು ಹಿಗ್ಗುವುದೂ ತಪ್ಪು. ಪಂಪನ ತಂದೆ ಭೀಮಪ್ಪಯ್ಯ ವೈದಿಕ ಪರಂಪರೆಯನ್ನು ಬಿಟ್ಟು ಜೈನನಾದವನು. ಈ ಮತಾಂತರಕ್ಕೆ ವಿಕ್ರಮಾರ್ಜುನವಿಜಯ ಕೊಡುವ ಸಮರ್ಥನೆ ವಿಚಾರಾರ್ಹವಾಗಿದೆ: ಜಾತಿಗಳಲ್ಲಿ ಉತ್ತಮವಾದ ವಿಪ್ರಕುಲಕ್ಕೆ ತಕ್ಕುದು ಜಿನಧರ್ಮವೇ ಎಂಬುದು ಅದರ ಇಂಗಿತ. ಮತ ಬದಲಾಯಿತು, ಕುಲಾಭಿಮಾನ ಉಳಿಯಿತು. ಶಾಸನವೂ ಗೋತ್ರವನ್ನು ಮರೆಯದೆ ದಾಖಲಿಸುತ್ತದೆ.

ಮನುಷ್ಯರೆಲ್ಲರ ಜಾತಿ ಒಂದೇ ಎಂಬ ಆದಿಪುರಾಣದ ಮಾತನ್ನು ನಮ್ಮ ವೇದಿಕೆಗಳು ಸಂದರ್ಭದಿಂದ ಬಿಡಿಸಿ ಉದ್ಧರಿಸುತ್ತ ಬಂದಿವೆ. ಜಿನಸೇನನ ಪೂರ್ವಪುರಾಣದಲ್ಲಿಯೂ ಇರುವ ಈ ತತ್ತ್ವ ಅಲ್ಲಿ ಮನುಷ್ಯರ ಏಕತ್ವವನ್ನು ಒಪ್ಪಿ, ವೃತ್ತಿಭೇದದಿಂದ ನಾಲ್ಕು ವರ್ಣಗಳನ್ನೂ ಒಪ್ಪುತ್ತದೆ. ಒಂದೇ ಕವಿಯ ಎರಡು ಕಾವ್ಯಗಳ ನಡುವಣ ಈ ಬಿರುಕನ್ನು ಮುಚ್ಚುವುದು ವಿಮರ್ಶೆಯ ಕೆಲಸವಲ್ಲ. ಸಿದ್ಧಾಂತವಾಗಿ ಏಕತ್ವ, ಮನೆತನದ ಸ್ಮೃತಿಯಾಗಿ ಶ್ರೇಷ್ಠತೆ ಎರಡೂ ಅವನಲ್ಲಿದ್ದವು.

ಹೊರನಾಡಿನ ಸಂಶೋಧಕರಿಗೆ ಈ ಪ್ರಶ್ನೆ ಕೇವಲ ಪ್ರಾಚೀನವಲ್ಲ. ಮನೆಯಲ್ಲೊಂದು, ಬೀದಿಯಲ್ಲೊಂದು, ಓದಿನಲ್ಲೊಂದು ನುಡಿಯಿರುವ ನಾವು ಜನಗಣತಿಯಲ್ಲಿ ಒಂದೇ ಮಾತೃಭಾಷೆಯನ್ನು ಬರೆಯಿಸುತ್ತೇವೆ. ನಮ್ಮ ನುಡಿಯ ಬಹುತ್ವವನ್ನು ಹೆಮ್ಮೆಯಿಂದ ಹೇಳಿಕೊಳ್ಳುವಾಗ, ವಲಸೆಯುದ್ದಕ್ಕೂ ನಾವು ಬಿಡದೆ ಹೊತ್ತು ತಂದ ಕುಲವನ್ನು ಕುರಿತು ಮೌನ ತಾಳುವುದಾದರೆ, ಪಂಪನನ್ನು ನಾವು ಅರ್ಧ ಮಾತ್ರ ಓದಿದಂತಾಗುತ್ತದೆ.